ಸ್ಯಾಕ್ಸೊಫೋನಿನಲ್ಲೊಂದು ‘ಸಂಧಿ’

ಗಣೇಶ ವಿಸರ್ಜನೆಯ ದಿನ ಡೊಂಬಿವಲಿ, ಕಲ್ಯಾಣದ ಬೀದಿಗಳಲ್ಲಿ ಬ್ಯಾಂಜೋ ಪಾರ್ಟಿ ಹೊರಟಿತೆಂದರೆ ಕಾಲು ತಾನಾಗಿಯೇ ತಾಳ ಹಾಕುತ್ತದೆ, ಅಲ್ಲವೇ? “ಇದೂ ಒಂದು ಸಂಗೀತವೇ!” ಎಂದು ಮೂಗು ಮುರಿದವರಲ್ಲಿ ನಾನೂ ಒಬ್ಬಳು. ವಿದ್ಯುತ್ ವಾದ್ಯಗಳೆಂದರೆ ಬರೀ ಗದ್ದಲ ಎಂಬ ನನ್ನ ಎಣಿಕೆಯನ್ನು ಬದಲಿಸಿದ್ದು ಒಂದು ಜಾಝ್ ಧ್ವನಿಮುದ್ರಿಕೆ. ಅದರ ಹೆಸರು ನಮಗೆಲ್ಲ ಶಾಲೆಯ ವ್ಯಾಕರಣ ಪಾಠದಿಂದಲೇ ಪರಿಚಿತ: ‘ಸಂಧಿ’.

ಕಲಾವಿದರು ರುದ್ರೇಶ್ ಮಹಾಂತಪ್ಪ. ತಂದೆ ಕೆ. ಟಿ. ಮಹಾಂತಪ್ಪ ಕರ್ನಾಟಕ ಮೂಲದ ಭೌತವಿಜ್ಞಾನಿ. ಮಗ 1971ರಲ್ಲಿ ಇಟಲಿಯಲ್ಲಿ ಹುಟ್ಟಿ, ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ. ಜಾಝ್ ಕಲಿಯುತ್ತಿದ್ದ ದಿನಗಳಲ್ಲಿ ಅಣ್ಣ ತಮಾಷೆಗೆಂದು ಒಂದು ಧ್ವನಿಮುದ್ರಿಕೆ ಕೊಟ್ಟರಂತೆ. ಅದು ನಮ್ಮ ಕದ್ರಿ ಗೋಪಾಲನಾಥರದು! ಬ್ಯಾಂಡಿನವರ ವಾದ್ಯವೆಂದು ನಾವು ತಿಳಿದಿದ್ದ ಸ್ಯಾಕ್ಸೊಫೋನಿನಲ್ಲಿ ಕದ್ರಿಯವರು ಗಮಕಗಳನ್ನು ಹೊರಡಿಸಿದ್ದರು. ತಮಾಷೆ ತಪಸ್ಸಾಯಿತು. 2008ರಲ್ಲಿ ಇಬ್ಬರೂ ಜೊತೆಗೂಡಿ ನುಡಿಸಿದ ‘ಕಿನ್ಸ್‌ಮೆನ್’ ಹೊರಬಂದಿತು. ಕದ್ರಿಯವರು 2019ರಲ್ಲಿ ನಮ್ಮನ್ನಗಲಿದರು.

ಮಹಾಂತಪ್ಪನವರು ಅಲ್ಲಿಗೇ ನಿಲ್ಲಲಿಲ್ಲ. 2011ರ ‘ಸಂಧಿ’ಯಲ್ಲಿ ಅವರ ಸ್ಯಾಕ್ಸೊಫೋನಿನೊಡನೆ ಲ್ಯಾಪ್‌ಟಾಪ್ ಕೂಡ ವಾದ್ಯ! ಡೇವಿಡ್ ಗಿಲ್ಮೋರ್ ಎಲೆಕ್ಟ್ರಿಕ್ ಗಿಟಾರ್, ರಿಚ್ ಬ್ರೌನ್ ಎಲೆಕ್ಟ್ರಿಕ್ ಬೇಸ್, ಡೇಮಿಯನ್ ರೀಡ್ ಡ್ರಮ್ಸ್; ಇವರ ನಡುವೆ ಅನಂತ ಕೃಷ್ಣನ್ ಅವರ ಮೃದಂಗ, ಕಂಜಿರ. ಬೇಸ್ ಮತ್ತು ಡ್ರಮ್ಸ್ ಸೇರಿ ಲಯದ ಒಂದು ತುಣುಕನ್ನು ಸುತ್ತಿ ಸುತ್ತಿ ನುಡಿಸುತ್ತವೆ. ಇದನ್ನೇ ‘ಗ್ರೂವ್’ ಎನ್ನುವುದು. ಅಮೆರಿಕದ ಕಪ್ಪು ಜನರ ಫಂಕ್ ಸಂಗೀತದ ಜೀವಾಳವೇ ಇದು. ಮೆರವಣಿಗೆಯಲ್ಲಿ ನಮ್ಮ ಕಾಲು ಕುಣಿಸುವುದೂ ಇಂಥದ್ದೇ ಸುತ್ತು. ಅದರ ಮೇಲೆ ಗಮಕ ತೇಲಿ ಬಂದಾಗ ಎರಡೂ ಪರಕೀಯವೆನಿಸುವುದಿಲ್ಲ.

ವ್ಯಾಕರಣ ನೆನಪಿಸಿಕೊಳ್ಳಿ. ಊರು, ಅಲ್ಲಿ ಕೂಡಿ ‘ಊರಲ್ಲಿ’ ಆಗುವಾಗ ಒಂದು ಸ್ವರ ಲೋಪವಾಗುತ್ತದೆ. ಮನೆ, ಅಲ್ಲಿ ಕೂಡಿ ‘ಮನೆಯಲ್ಲಿ’ ಆಗುವಾಗ ಹೊಸ ಅಕ್ಷರ ಬಂದು ಸೇರುತ್ತದೆ. ಕೂಡುವಾಗ ಏನೋ ಬಿಟ್ಟುಹೋಗುವುದು, ಏನೋ ಬಂದು ಸೇರುವುದು ಸಹಜ. ಆದರೆ ಸಂಧಿಯಾಗಲು ಎರಡು ಪದಗಳು ಬೇಕೇ ಬೇಕು. ಒಂದೇ ಇದ್ದರೆ ಸಂಧಿಯಿಲ್ಲ.

ನಮ್ಮ ಮಕ್ಕಳು, ಮೊಮ್ಮಕ್ಕಳು ಒಂದೇ ವಾಕ್ಯದಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಬೆರೆಸುವಾಗ ನಾವು ಗೊಣಗುತ್ತೇವೆ. ಬೆರಕೆಗೆ ಹೆದರಬೇಕಿಲ್ಲ, ಓದುಗರೇ. ಆ ಬೆರಕೆಯಲ್ಲಿ ಕನ್ನಡವೇ ಇಲ್ಲದಿದ್ದರೆ ಹೆದರಬೇಕು. ಮಹಾಂತಪ್ಪನವರ 2004ರ ‘ಮದರ್ ಟಂಗ್’ನಲ್ಲಿ ಭಾರತೀಯ ಭಾಷೆಗಳನ್ನಾಡುವವರ ಮಾತಿನ ಏರಿಳಿತಗಳೇ ರಾಗಗಳಾಗಿವೆ. ಅದರಲ್ಲೊಂದು ರಚನೆಯ ಹೆಸರೇ ‘ಕನ್ನಡ’!

ಮಗು ಕೀಬೋರ್ಡು ಬೇಕೆಂದರೆ ಕೊಡಿಸಿ. ಜೊತೆಗೆ ದಿನಕ್ಕೆ ನಾಲ್ಕು ಮಾತು ಕನ್ನಡದಲ್ಲಿ ಆಡಿ. ಸಂಧಿ ಮಾಡುವ ಕೆಲಸ ಅವರದು. ಒಂದು ಪದವನ್ನಾದರೂ ಕೈಗಿಡುವ ಕೆಲಸ ನಮ್ಮದು.