ಹೆಸರು ಒಂದೇ, ಬಾಟಲಿ ಬೇರೆ: ಪ್ರಯೋಗಾಲಯದ ಇನ್ಸುಲಿನ್ ಔಷಧವಲ್ಲ, ಏಕೆ?

ಸಕ್ಕರೆ ಕಾಯಿಲೆಯವರಿರುವ ಮನೆಗೆ ಇನ್ಸುಲಿನ್ ಹೊಸದಲ್ಲ. ತಿಂಡಿಗೆ ಮುಂಚೆ ಇಷ್ಟು, ರಾತ್ರಿ ಊಟಕ್ಕೆ ಮುಂಚೆ ಇಷ್ಟು ಎಂದು ಯೂನಿಟ್ ಲೆಕ್ಕ ಹಾಕಿ ಸೂಜಿ ಚುಚ್ಚಿಕೊಳ್ಳುವವರು ಹಳ್ಳಿಗಳಲ್ಲೂ ಇದ್ದಾರೆ. ಇದೇ ಇನ್ಸುಲಿನ್ ವಿಜ್ಞಾನಿಗಳ ಪ್ರಯೋಗಾಲಯಕ್ಕೂ ಮಾರಾಟವಾಗುತ್ತದೆ. ಆ ಬಾಟಲಿಯ ಮೇಲೂ ‘ಹ್ಯೂಮನ್ ಇನ್ಸುಲಿನ್, ರಿಕಾಂಬಿನೆಂಟ್’ ಎಂದೇ ಇರುತ್ತದೆ. ಜತೆಗೆ ‘ಫಾರ್ ರಿಸರ್ಚ್ ಯೂಸ್ ಓನ್ಲಿ’, ಅಂದರೆ ‘ಸಂಶೋಧನೆಗೆ ಮಾತ್ರ’ ಎಂಬ ಎಚ್ಚರಿಕೆಯೂ ಇರುತ್ತದೆ. ಹೆಸರು ಒಂದೇ ಆದ ಮೇಲೆ ಚುಚ್ಚಿಕೊಂಡರೇನು ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಅದು ಪ್ರಾಣಕ್ಕೇ ಸಂಚಕಾರ ತರುವ ಕೆಲಸ.

ಹಂದಿ, ದನದಿಂದ ಬ್ಯಾಕ್ಟೀರಿಯಾಕ್ಕೆ

ಇನ್ಸುಲಿನ್ ನಮ್ಮ ಮೇದೋಜೀರಕ ಗ್ರಂಥಿಯಲ್ಲಿ ತಯಾರಾಗುವ ಒಂದು ಸಣ್ಣ ಪ್ರೋಟೀನು. 51 ಅಮೈನೋ ಆಮ್ಲಗಳು ಮಣಿಗಳಂತೆ ಎರಡು ಸರಗಳಲ್ಲಿ ಪೋಣಿಸಿಕೊಂಡು ಇದು ಆಗಿದೆ. ಕೆನಡಾದ ಟೊರಾಂಟೊದಲ್ಲಿ 1922ರ ಜನವರಿಯಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಇದನ್ನು ಮೊದಲ ಬಾರಿಗೆ ಕೊಡಲಾಯಿತು. ಅಲ್ಲಿಂದ ಮುಂದೆ ಹಲವು ದಶಕ ಕಾಲ ದನ ಮತ್ತು ಹಂದಿಯ ಗ್ರಂಥಿಗಳಿಂದಲೇ ಇನ್ಸುಲಿನ್ ತೆಗೆಯುತ್ತಿದ್ದರು. ಮನುಷ್ಯರ ಇನ್ಸುಲಿನ್‌ಗೂ ಹಂದಿಯದಕ್ಕೂ ಒಂದು ಮಣಿಯ ವ್ಯತ್ಯಾಸ, ದನದ್ದಕ್ಕೆ ಮೂರು ಮಣಿಗಳ ವ್ಯತ್ಯಾಸ.

1978ರಲ್ಲಿ ಅಮೆರಿಕದ ವಿಜ್ಞಾನಿಗಳು ಮನುಷ್ಯರ ಇನ್ಸುಲಿನ್ ತಯಾರಿಸುವ ಜೀನ್ ಅನ್ನು ಇ. ಕೋಲಿ ಎಂಬ ಬ್ಯಾಕ್ಟೀರಿಯಾದೊಳಗೆ ಸೇರಿಸಿದರು. ಹೀಗೆ ಒಂದು ಜೀವಿಯ ಜೀನ್ ಅನ್ನು ಇನ್ನೊಂದರಲ್ಲಿ ಜೋಡಿಸಿ ಮಾಡಿದ ಪ್ರೋಟೀನಿಗೆ ‘ರಿಕಾಂಬಿನೆಂಟ್’ ಎನ್ನುತ್ತಾರೆ. ಪಾತ್ರೆ ತುಂಬ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದರೆ ಬೆಳಗಾಗುವುದರೊಳಗೆ ಬ್ಯಾಕ್ಟೀರಿಯಾ ಹೆಚ್ಚಿ ಎಲ್ಲವೂ ಮೊಸರಾಗುವುದಿಲ್ಲವೇ? ಇಲ್ಲಿಯೂ ದೊಡ್ಡ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ಹೆಚ್ಚುತ್ತಾ ಹೋಗುತ್ತದೆ, ಜತೆಗೆ ಇನ್ಸುಲಿನ್ ತಯಾರಾಗುತ್ತದೆ. 1982ರಲ್ಲಿ ಅಮೆರಿಕ ಇದನ್ನು ಔಷಧವಾಗಿ ಒಪ್ಪಿತು. ಬೆಂಗಳೂರಿನ ಬಯೋಕಾನ್ ಕಂಪನಿ ಬ್ಯಾಕ್ಟೀರಿಯಾದ ಬದಲು ಯೀಸ್ಟ್ ಬಳಸಿ ತಯಾರಿಸಿದ ಇನ್ಸುಲಿನ್ 2004ರಲ್ಲಿ ಮಾರುಕಟ್ಟೆಗೆ ಬಂತು.

ಪ್ರಯೋಗಾಲಯಕ್ಕೆ ಯಾಕೆ ಬೇಕು?

ವಿಜ್ಞಾನಿಗಳು ಗಾಜು ಅಥವಾ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಜೀವಕೋಶಗಳನ್ನು ಬೆಳೆಸಿ ಕಾಯಿಲೆಗಳನ್ನು ಅಭ್ಯಾಸ ಮಾಡುತ್ತಾರೆ. ಕೋಶಗಳು ಸಕ್ಕರೆ ಹೀರಿಕೊಂಡು ಬೆಳೆಯಲು ಇನ್ಸುಲಿನ್ ನೆರವಾಗುತ್ತದೆ. ಹೊಸ ಔಷಧಕ್ಕೆ ಸ್ನಾಯು ಅಥವಾ ಕೊಬ್ಬಿನ ಕೋಶ ಹೇಗೆ ಸ್ಪಂದಿಸುತ್ತದೆ ಎಂದು ನೋಡಲೂ ಅದು ಬೇಕು. ನಾಳೆ ರೋಗಿಗೆ ಸಿಗುವ ಔಷಧದ ಹಿಂದೆ ಇಂತಹ ಎಷ್ಟೋ ಪ್ರಯೋಗಗಳು ಇರುತ್ತವೆ.

ಅಪಾಯ ಎಲ್ಲಿದೆ?

ಮೊದಲನೆಯದು ಪ್ರಮಾಣ. ಔಷಧದ ಇನ್ಸುಲಿನ್ ಅನ್ನು ಯೂನಿಟ್‌ಗಳಲ್ಲಿ ಅಳೆಯುತ್ತಾರೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಯ 1 ಮಿಲಿಲೀಟರಿನಲ್ಲಿ 40 ಯೂನಿಟ್ ಇರುತ್ತದೆ. ಪ್ರಯೋಗಾಲಯದ್ದನ್ನು ಮಿಲಿಗ್ರಾಂನಲ್ಲಿ ಅಳೆಯುತ್ತಾರೆ. 1 ಮಿಲಿಗ್ರಾಂ ಎಂದರೆ ಸುಮಾರು 29 ಯೂನಿಟ್. ಮಿಲಿಲೀಟರಿಗೆ 10 ಮಿಲಿಗ್ರಾಂ ಇರುವ ದ್ರಾವಣವೂ ಮಾರಾಟಕ್ಕಿದೆ. ಅಂದರೆ ಸುಮಾರು 290 ಯೂನಿಟ್, ಮನೆಯ ಬಾಟಲಿಯ ಏಳು ಪಟ್ಟಿಗೂ ಹೆಚ್ಚು! ಅಷ್ಟು ದೇಹಕ್ಕೆ ಹೋದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು, ಸಾವೂ ಬರಬಹುದು.

ಎರಡನೆಯದು ಶುದ್ಧತೆ. ಇ. ಕೋಲಿಯ ಹೊರಪೊರೆಯಲ್ಲಿ ಎಂಡೋಟಾಕ್ಸಿನ್ ಎಂಬ ವಿಷವಸ್ತು ಇದೆ. ಬ್ಯಾಕ್ಟೀರಿಯಾ ಸತ್ತರೂ ಇದು ಉಳಿಯುತ್ತದೆ, ಕುದಿಸಿದರೂ ಹೋಗುವುದಿಲ್ಲ. ರಕ್ತಕ್ಕೆ ಸೇರಿದರೆ ಚಳಿಜ್ವರ ಬರುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಔಷಧದ ಪ್ರತಿ ಬ್ಯಾಚ್‌ನಲ್ಲೂ ಇದರ ಮಿತಿಯನ್ನೂ ರೋಗಾಣುಗಳಿಲ್ಲದಿರುವುದನ್ನೂ ಪರೀಕ್ಷಿಸಲೇಬೇಕು. ಪ್ರಯೋಗಾಲಯದ ಸರಕಿಗೂ ಪರೀಕ್ಷೆಗಳಿವೆ, ಆದರೆ ಅವು ತಟ್ಟೆಯಲ್ಲಿನ ಕೋಶಗಳಿಗೆ ಸಾಕಾಗುವಷ್ಟೇ ಹೊರತು ಮನುಷ್ಯನ ಮೈಗೆ ಚುಚ್ಚುವ ಲೆಕ್ಕದಲ್ಲಿ ಮಾಡಿದವಲ್ಲ.

ಮೂರನೆಯದು ಹೊಣೆ. ಔಷಧದ ತಯಾರಕರಿಗೆ ಸರ್ಕಾರದ ಪರವಾನಗಿ ಇರಬೇಕು, ತಪ್ಪಾದರೆ ಕೇಳುವ ಕಾನೂನಿದೆ. ‘ಸಂಶೋಧನೆಗೆ ಮಾತ್ರ’ ಎಂದು ಬರೆದು ಮಾರಿದ್ದನ್ನು ರೋಗಿಗೆ ಕೊಟ್ಟರೆ ಆ ರಕ್ಷಣೆ ಇರುವುದಿಲ್ಲ.

ಏನು ನೋಡಬೇಕು?

ಇನ್ಸುಲಿನ್ ಅನ್ನು ವೈದ್ಯರ ಚೀಟಿಯೊಂದಿಗೆ ಔಷಧದ ಅಂಗಡಿಯಲ್ಲೇ ಕೊಳ್ಳಬೇಕು. ನಮ್ಮ ದೇಶದಲ್ಲಿ ತಯಾರಾದ ಔಷಧದ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನ ಮತ್ತು ಅವಧಿ ಮುಗಿಯುವ ದಿನ ಇರುತ್ತವೆ. 40 ಯೂನಿಟ್‌ನ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜು, 100 ಯೂನಿಟ್‌ನದಕ್ಕೆ ಕಿತ್ತಳೆ ಮುಚ್ಚಳದ್ದು ಎಂಬುದು ನೆನಪಿರಲಿ. ಗಡಿ ಭಾಗದ ಮನೆಗಳಲ್ಲಿ ಮಾತಿಗೆ ಎರಡು ಭಾಷೆ ಇದ್ದರೂ ಬಾಟಲಿಯ ಮೇಲಿನ ಬರಹ ಬಹುಪಾಲು ಇಂಗ್ಲಿಷಿನದೇ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳ ಕೈಲಾದರೂ ಓದಿಸಿಕೊಳ್ಳುವುದು ಒಳ್ಳೆಯದು. ಸಂಶಯ ಬಂದರೆ ಚುಚ್ಚಿಕೊಳ್ಳುವ ಮೊದಲೇ ವೈದ್ಯರನ್ನು ಕೇಳಬೇಕು.