ಯಾರಿಗೂ ಬೇಡವಾದ ವಾದ್ಯ

ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆಯನ್ನು ದಾಟಿ ಪಶ್ಚಿಮಾಭಿಮುಖವಾಗಿ ಸಾಗಿದರೆ ನಮ್ಮ ಬ್ಯಾಡರಹಳ್ಳಿ ಸಿಗುತ್ತದೆ. ಬೇಡರ ಹಳ್ಳಿಯೇ ಜನರ ನಾಲಗೆಯ ಮೇಲೆ ಬ್ಯಾಡರಹಳ್ಳಿಯಾಗಿರಬೇಕು. ಹೆಸರಿನಲ್ಲಿ ಉಳಿದಿರುವ ಹಳ್ಳಿ ಈಗ ನೋಟಕ್ಕೆ ದೊರೆಯುವುದು ಕಷ್ಟ. ಮನೆಯ ಮೇಲೆ ಮನೆ ಎದ್ದಿದೆ. ಸಂಜೆಯಾದರೆ ಒಂದು ಮಹಡಿಯಿಂದ ವೀಣೆ, ಇನ್ನೊಂದರಿಂದ ದೂರದರ್ಶನದ ಧಾರಾವಾಹಿ, ಮಗುದೊಂದರಿಂದ ಹುಡುಗರ ಡ್ರಮ್ಮಿನ ಸದ್ದು ಒಟ್ಟಿಗೆ ಬೀದಿಗಿಳಿಯುತ್ತವೆ. ಈ ಬೀದಿಯ ಹಿರಿಯರೊಬ್ಬರು ಮೊನ್ನೆ ನನ್ನನ್ನು ತಡೆದು ನಿಲ್ಲಿಸಿ ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

“ಮೇಷ್ಟ್ರೇ, ಹುಡುಗ ಗಿಟಾರು ಬೇಕು ಅಂದ. ಆಗಲಿ ಅಂದೆ. ಈಗ ತಂದಿರೋದು ನೋಡಿದರೆ ನಾಲ್ಕೇ ತಂತಿ. ಮಿಕ್ಕ ಎರಡು ಎಲ್ಲಯ್ಯಾ ಅಂದರೆ, ಇದು ಹಾಗೇ ಇರೋದು ಅಂತಾನೆ. ಬಾರಿಸಿದರೆ ಗುಂ ಗುಂ ಅನ್ನುತ್ತೆ, ಅಷ್ಟೇ. ಇದರಲ್ಲಿ ಒಂದು ದೇವರನಾಮವಾದರೂ ಬರುತ್ತದೆಯೇ?”

ಬರುತ್ತದೆ, ಆದರೆ ಅದೊಂದರಿಂದಲೇ ಬರಲಾರದು. ಹುಡುಗ ತಂದಿರುವುದು ಬೇಸ್ ಗಿಟಾರ್. ಸಾಮಾನ್ಯ ಗಿಟಾರಿನ ಆರು ತಂತಿಗಳಲ್ಲಿ ಕೆಳಗಿನ ಶ್ರುತಿಯ ನಾಲ್ಕನ್ನು ಮಾತ್ರ ಉಳಿಸಿಕೊಂಡು, ಅವನ್ನು ಇನ್ನೂ ಒಂದು ಸ್ಥಾಯಿ ಕೆಳಕ್ಕಿಳಿಸಿದರೆ ಈ ವಾದ್ಯವಾಗುತ್ತದೆ. ಇದರ ಅತ್ಯಂತ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಗಿಟಾರಿನದು ಅದರ ಇಮ್ಮಡಿ. ನಮ್ಮ ಮಾತಿನಲ್ಲಿ ಹೇಳುವುದಾದರೆ ಇದು ಮಂದ್ರಕ್ಕೂ ಕೆಳಗಿನ ಅನುಮಂದ್ರದ ವಾದ್ಯ. ತಂಬೂರಿ ಹಾಡಿನ ಕೆಳಗೆ ನೆಲ ಹಾಸುತ್ತದೆ. ಆದರೆ ಆ ನೆಲ ಕದಲುವುದಿಲ್ಲ. ಬೇಸ್ ಗಿಟಾರಿನ ನೆಲ ಹಾಡಿನೊಡನೆ ನಡೆಯುತ್ತದೆ. ಒಂದು ಕೈಯಲ್ಲಿ ಶ್ರುತಿಯನ್ನೂ ಇನ್ನೊಂದು ಕೈಯಲ್ಲಿ ತಾಳವನ್ನೂ ಹಿಡಿದು, ಇವೆರಡಕ್ಕೂ ಜಗಳವಾಗದಂತೆ ನೋಡಿಕೊಳ್ಳುವ ಕೆಲಸ ಅದರದು. 1981ರಲ್ಲಿ ತೆರೆಕಂಡ ಶಂಕರನಾಗ್ ಅವರ ‘ಗೀತಾ’ ಚಿತ್ರದ ಹಾಡುಗಳನ್ನು ಮನೆಮಂದಿಯೆಲ್ಲ ಬಲ್ಲರು. ಇಳಯರಾಜಾ ಅವರ ಆ ಸಂಗೀತವನ್ನು ಒಮ್ಮೆ ಗಾಯಕರನ್ನು ಮರೆತು, ಕೆಳಗಡೆ ಏನು ನಡೆದಿದೆಯೆಂದು ಕಿವಿಗೊಟ್ಟು ಆಲಿಸಿರಿ. ಅಲ್ಲಿ ಇನ್ನೊಬ್ಬರು ಸದ್ದಿಲ್ಲದೆ ಹಾಡುತ್ತಿರುತ್ತಾರೆ.

ಕೇಳಿಸದಿರುವುದೇ ಇಂಥ ವಾದ್ಯಗಳ ಹಳೆಯ ದುಃಖ. ಇದು ಪಾಶ್ಚಾತ್ಯರ ದುಃಖವೆಂದು ಮಾತ್ರ ತಿಳಿಯಬೇಕಾಗಿಲ್ಲ. ತಿರುಮಕೂಡಲಿನಲ್ಲಿ 1895ರಲ್ಲಿ ಜನಿಸಿ, ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಬೆಳೆದ ಪಿಟೀಲು ಚೌಡಯ್ಯನವರಿಗೂ ಈ ಕೊರಗಿತ್ತು. ಧ್ವನಿವರ್ಧಕವಿಲ್ಲದ ಕಾಲ, ಗಾಯಕರದು ಕಂಚಿನ ಕಂಠ, ಪಿಟೀಲಿನ ನಾಲ್ಕು ತಂತಿಗಳ ನಾದ ಸಭೆಯ ಹಿಂದಿನ ಸಾಲಿಗೆ ತಲುಪುವ ಮೊದಲೇ ಕರಗುತ್ತಿತ್ತು. 1920ರ ದಶಕದಲ್ಲಿ ಅವರು ನಾಲ್ಕಕ್ಕೆ ಮೂರು ತಂತಿಗಳನ್ನು ಕೂಡಿಸಿ ಏಳು ಮಾಡಿದರು. ಸಂಪ್ರದಾಯಸ್ಥರಿಗೆ ಇದು ಮೆಚ್ಚುಗೆಯಾಗದೆ ಇದ್ದಿರಬಹುದು. ಹಿಂದಿನ ಸಾಲಿನವರು ಮಾತ್ರ ಆಕ್ಷೇಪಿಸಿರಲಾರರು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ‘ಸಂಗೀತ ಕಲಾನಿಧಿ’ ಎಂಬ ಬಿರುದನ್ನಿತ್ತಿತು. ಪಕ್ಕವಾದ್ಯದವರಾಗಿ ಬಾಳಿದ ಅವರ ಹೆಸರಿನಲ್ಲಿ ಬೆಂಗಳೂರಿನ ಜನ ಪಿಟೀಲಿನ ಆಕಾರದ ಒಂದು ಭವನವನ್ನೇ ಕಟ್ಟಿದ್ದಾರೆ.

ಇದೇ ಕೊರಗು ಅಮೆರಿಕಾದ ನೃತ್ಯಶಾಲೆಗಳಲ್ಲಿಯೂ ಇತ್ತು. ಅಲ್ಲಿ ಅನುಮಂದ್ರದ ಹೊಣೆ ಹೊತ್ತಿದ್ದುದು ಆಳೆತ್ತರದ, ನಿಂತು ಬಾರಿಸಬೇಕಾದ ಡಬಲ್ ಬೇಸ್ ಎಂಬ ಬೃಹತ್ ಪಿಟೀಲು. ಅದನ್ನು ಹೊತ್ತು ಊರೂರು ಅಲೆಯುವುದೆಂದರೆ ಬೀರುವನ್ನು ಹೊತ್ತು ಅಲೆದಂತೆ. ಇಷ್ಟಾದರೂ ವಿದ್ಯುತ್ ಗಿಟಾರು, ಡ್ರಮ್ಮುಗಳ ಮುಂದೆ ಅದರ ದನಿ ಅಡಗಿಹೋಗುತ್ತಿತ್ತು. ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಲಿಯೋ ಫೆಂಡರ್ ಎಂಬಾತ 1951ರಲ್ಲಿ ಇದಕ್ಕೊಂದು ಪರಿಹಾರ ಕಂಡುಹಿಡಿದ. ಗಟ್ಟಿ ಮರದ ಹಲಗೆ, ಕೊರಳಿಗೆ ಹಾಕಿಕೊಳ್ಳಬಹುದಾದ ಪಟ್ಟಿ, ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಅಯಸ್ಕಾಂತದ ಸುರುಳಿ, ವೀಣೆಯಂತೆ ಮೆಟ್ಟಿಲುಗಳು. ಮೆಟ್ಟಿಲುಗಳಿದ್ದುದರಿಂದ ಸ್ವರ ಕರಾರುವಾಕ್ಕಾಗಿ ಬೀಳುತ್ತಿತ್ತು. ಆದ್ದರಿಂದಲೇ ಅದಕ್ಕೆ ‘ಪ್ರೆಸಿಷನ್ ಬೇಸ್’ ಎಂದು ಹೆಸರಾಯಿತು. ಸ್ವಾರಸ್ಯವೆಂದರೆ ಈ ಫೆಂಡರನಿಗೆ ಗಿಟಾರು ಬಾರಿಸಲು ಬರುತ್ತಿರಲಿಲ್ಲ!

ವಾದ್ಯವೇನೋ ಸಿದ್ಧವಾಯಿತು. ಅದನ್ನು ಹಿಡಿಯುವವರು ಬೇಕಲ್ಲ? ಹುಡುಗರು ವಾದ್ಯಗೋಷ್ಠಿ ಕಟ್ಟುವಾಗ ಎಲ್ಲರಿಗೂ ಬೇಕಾದುದು ಮುಂದೆ ನಿಂತು ಮಿಂಚುವ ಗಿಟಾರು. ಕೆಳಗಿನ ನಾಲ್ಕು ತಂತಿಗಳನ್ನು ಹಿಡಿದು ಹಿಂದೆ ನಿಲ್ಲುವುದು ದಂಡನೆಯ ಹಾಗೆ. ಇಂಗ್ಲೆಂಡಿನ ಬೀಟಲ್ಸ್ ತಂಡದಲ್ಲಿಯೂ ಆದುದು ಹೀಗೆಯೇ. ನಮ್ಮ ಊರಿನವರ ನಾಲಗೆಯಲ್ಲಿ ಹೇಳುವುದಾದರೆ ಆ ವಾದ್ಯ ಎಲ್ಲರಿಗೂ ‘ಬ್ಯಾಡ’ವಾಗಿತ್ತು.

ಮೊದಲು ಅದನ್ನು ಹಿಡಿದಿದ್ದವನು ಸ್ಟುವರ್ಟ್ ಸಟ್ಕ್ಲಿಫ್ ಎಂಬ ಚಿತ್ರಕಲಾ ವಿದ್ಯಾರ್ಥಿ. ತಾನು ಬರೆದ ಚಿತ್ರವೊಂದು ಮಾರಾಟವಾದ ಹಣದಲ್ಲಿ ಗೆಳೆಯರ ಬಲವಂತಕ್ಕೆ ಬೇಸ್ ಕೊಂಡವನು. ತಂಡ ಜರ್ಮನಿಯ ಹ್ಯಾಂಬರ್ಗ್ ನಗರದ ರಾತ್ರಿಶಾಲೆಗಳಲ್ಲಿ ದುಡಿಯುತ್ತಿದ್ದಾಗ, 1961ರಲ್ಲಿ, ಆತ ಕುಂಚವೇ ಸಾಕೆಂದು ತಂಡವನ್ನು ತೊರೆದ. ಮರುವರ್ಷವೇ ಮಿದುಳಿನ ರಕ್ತಸ್ರಾವದಿಂದ 21ರ ಹರೆಯದಲ್ಲಿ ತೀರಿಕೊಂಡ. ಖಾಲಿಯಾದ ಸ್ಥಾನಕ್ಕೆ ಯಾರೂ ಮುಂದೆ ಬರಲಿಲ್ಲ. ಕೊನೆಗೆ ಅದು ಬಂದು ಬಿದ್ದುದು ಪಾಲ್ ಮೆಕಾರ್ಟ್ನಿಯ ಕೊರಳಿಗೆ.

ಮೆಕಾರ್ಟ್ನಿ ಹುಟ್ಟಿದುದು 1942ರಲ್ಲಿ, ಲಿವರ್‌ಪೂಲಿನಲ್ಲಿ. ತಂದೆ ಹತ್ತಿಯ ವ್ಯಾಪಾರದಲ್ಲಿ ನೌಕರ; ಬಿಡುವಿನಲ್ಲಿ ಸ್ವಂತ ಜಾಝ್ ತಂಡ ಕಟ್ಟಿ ಟ್ರಂಪೆಟ್ಟನ್ನೂ ಪಿಯಾನೋವನ್ನೂ ನುಡಿಸಿದವರು. ತಾಯಿ ಸೂಲಗಿತ್ತಿಯ ವೃತ್ತಿಯಲ್ಲಿದ್ದ ದಾದಿ. ಹುಡುಗನಿಗೆ 14 ವರ್ಷವಾಗಿದ್ದಾಗ ತೀರಿಕೊಂಡರು. ತಂದೆ ಮಗನಿಗೆ ಟ್ರಂಪೆಟ್ ಕೊಟ್ಟರು. ಬಾಯಿಗೆ ತುತ್ತೂರಿ ಇಟ್ಟುಕೊಂಡು ಹಾಡುವುದೆಂತು? ಹುಡುಗ ಅದನ್ನು ಗಿಟಾರಿಗೆ ಬದಲಾಯಿಸಿಕೊಂಡ. ಆತ ಎಡಚ, ತಂತಿಗಳನ್ನೆಲ್ಲ ತಿರುವುಮುರುವಾಗಿ ಕಟ್ಟಿಕೊಂಡು ಕಲಿತ. ತಂದೆ ಇನ್ನೂ ಒಂದು ಉಪಕಾರ ಮಾಡಿದ್ದರು. ರೇಡಿಯೋದಲ್ಲಿ ಹಾಡು ಬರುತ್ತಿದ್ದಾಗ, ‘ಅಗೋ, ಕೆಳಗೆ ಕೇಳಿಸುತ್ತಿದೆಯಲ್ಲ, ಅದೇ ಬೇಸ್’ ಎಂದು ಮಗನಿಗೆ ಬೆರಳಿಟ್ಟು ತೋರಿಸುತ್ತಿದ್ದರಂತೆ. ಸಂಗೀತಪಾಠ ಎನ್ನುವುದಾದರೆ ಆ ಮನೆಯಲ್ಲಿ ನಡೆದ ಪಾಠ ಅದು.

ಹ್ಯಾಂಬರ್ಗಿನ ಅಂಗಡಿಯಲ್ಲಿ ಮೆಕಾರ್ಟ್ನಿ ಆರಿಸಿಕೊಂಡುದು ಹಾಫ್ನರ್ ಎಂಬ ಜರ್ಮನ್ ತಯಾರಕರ ಬೇಸ್. ಬೆಲೆ ಸುಮಾರು 30 ಪೌಂಡು. ಫೆಂಡರ್ ಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಈ ಹಾಫ್ನರ್ ಇದ್ದುದು ಪಿಟೀಲಿನ ಆಕಾರದಲ್ಲಿ! ಎಡಬಲಗಳೆರಡೂ ಒಂದೇ ಸಮನಾಗಿದ್ದುದರಿಂದ ಎಡಚನು ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣುವುದಿಲ್ಲವೆಂಬುದೇ ಆ ಆಯ್ಕೆಗೆ ಕಾರಣವಾಯಿತು. ಒಳಗೆ ಪೊಳ್ಳಾದ, ಹಗುರವಾದ ವಾದ್ಯ. ಬಾರವಿಲ್ಲದ ಕಾರಣ ಬೆರಳುಗಳು ಸರಾಗವಾಗಿ ಓಡುತ್ತಿದ್ದವು. ಹಾಡುತ್ತಲೇ ನುಡಿಸುವುದು ಸಾಧ್ಯವಾಯಿತು. ಇದು ಸುಲಭದ ಕೆಲಸವಲ್ಲ. ಬಾಯಿ ಒಂದು ರಾಗದಲ್ಲಿ, ಕೈ ಅದಕ್ಕೆ ಹೊಂದಿಯೂ ಬೇರೆಯಾದ ಇನ್ನೊಂದು ನಡೆಯಲ್ಲಿ ಸಾಗಬೇಕು. ತಾವೇ ಹಾಡುತ್ತ ತಾವೇ ಮೃದಂಗ ನುಡಿಸಲು ನಮ್ಮ ವಿದ್ವಾಂಸರನ್ನು ಕೇಳಿ ನೋಡಿದರೆ ಇದರ ಕಷ್ಟ ತಿಳಿದೀತು.

ಆದರೆ ಅವನನ್ನು ನಿಜವಾಗಿ ಬದಲಾಯಿಸಿದ ಗುರು ಅವನೆದುರು ಎಂದೂ ಪಾಠಕ್ಕೆ ಕೂತವನಲ್ಲ; ಬಹುಕಾಲ ಅವನ ಹೆಸರೂ ಲೋಕಕ್ಕೆ ತಿಳಿದಿರಲಿಲ್ಲ. ಅಮೆರಿಕಾದ ಡೆಟ್ರಾಯಿಟ್ ನಗರದಲ್ಲಿ ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆ 1960ರ ದಶಕದಲ್ಲಿ ಒಂದರ ಮೇಲೊಂದರಂತೆ ಜನಪ್ರಿಯ ತಟ್ಟೆಗಳನ್ನು ಹೊರತರುತ್ತಿತ್ತು. ಗಾಯಕ ಗಾಯಕಿಯರ ಚಿತ್ರ ಹೊದಿಕೆಯ ಮೇಲೆ ರಾರಾಜಿಸುತ್ತಿತ್ತು. ವಾದ್ಯ ನುಡಿಸಿದವರ ಹೆಸರು ಎಲ್ಲಿಯೂ ಇಲ್ಲ. ಆ ತಟ್ಟೆಗಳಲ್ಲಿ ಬಹುಪಾಲಿಗೆ ಬೇಸ್ ನುಡಿಸಿದವನು ಜೇಮ್ಸ್ ಜೇಮರ್‌ಸನ್. ದಕ್ಷಿಣ ಕೆರೊಲಿನಾದಲ್ಲಿ 1936ರಲ್ಲಿ ಹುಟ್ಟಿದ ಕರಿಯ ಜನಾಂಗದ ಈತ ಮೊದಲು ಡಬಲ್ ಬೇಸ್ ಕಲಿತು, ಅನಂತರ ಫೆಂಡರ್ ಹಿಡಿದ. ಬಲಗೈಯ ತೋರುಬೆರಳು ಒಂದರಿಂದಲೇ ಮೀಟುತ್ತಿದ್ದ. ಒಡನಾಡಿಗಳು ಆ ಬೆರಳಿಗೆ ‘ಕೊಕ್ಕೆ’ ಎಂದು ಹೆಸರಿಟ್ಟಿದ್ದರು. ತಂತಿ ತುಂಡಾದ ಹೊರತು ಬದಲಾಯಿಸುತ್ತಿರಲಿಲ್ಲ. ಹಳೆಯ ತಂತಿಯ ಮಂದವಾದ ನಾದವೇ ಅವನಿಗೆ ಪ್ರಿಯ. ಆ ಒಂದು ಬೆರಳಿನಿಂದ ಬಂದುದು ಕೇವಲ ಗುಂ ಗುಂ ಆಗಿರಲಿಲ್ಲ. ಅದು ಹಾಡಿನ ಕೆಳಗೆ ಓಡಿ, ತಡೆದು, ತಿರುಗಿ ನೋಡಿ, ಸರಿಯಾದ ಸಮಕ್ಕೆ ಬಂದು ನಿಲ್ಲುವ ಇನ್ನೊಂದು ಗಾನ. ಅದನ್ನು ತಟ್ಟೆಯಲ್ಲಿ ಕೇಳಿ ಕೇಳಿ ತಾನು ಕಲಿತೆನೆಂದು ಮೆಕಾರ್ಟ್ನಿ ಮುಂದೆ ಮುಕ್ತಕಂಠದಿಂದ ಒಪ್ಪಿಕೊಂಡಿದ್ದಾನೆ.

1966ರಲ್ಲಿ ಬಂದ ಬೀಚ್ ಬಾಯ್ಸ್ ತಂಡದ ‘ಪೆಟ್ ಸೌಂಡ್ಸ್’ ಅವನಿಗೆ ಇನ್ನೊಂದು ಪಾಠವಾಯಿತು. ಅದರ ಮುದ್ರಣದಲ್ಲಿ ಬೇಸ್ ನುಡಿಸಿದವರಲ್ಲಿ ಕ್ಯಾರಲ್ ಕೇ ಎಂಬ ಮಹಿಳೆಯೂ ಒಬ್ಬಳು. ಮನೆಯ ಹೆಣ್ಣುಮಕ್ಕಳು ಇದನ್ನು ಗಮನಿಸಲಿ.

ಲಂಡನ್ನಿನ ಮುದ್ರಣಶಾಲೆಯಲ್ಲಿ ಒಂದು ತೊಡಕಿತ್ತು. ಬೇಸ್ ಜೋರಾದರೆ ಗ್ರಾಮಫೋನ್ ತಟ್ಟೆಯ ಗೆರೆಯಲ್ಲಿ ಮುಳ್ಳು ನೆಗೆಯುತ್ತದೆಂಬ ಭಯದಿಂದ ತಂತ್ರಜ್ಞರು ಅದನ್ನು ತಗ್ಗಿಸಿಯೇ ಮುದ್ರಿಸುತ್ತಿದ್ದರು. ಅಮೆರಿಕಾದ ತಟ್ಟೆಗಳಲ್ಲಿ ಕೇಳಿಸುವಷ್ಟು ತನ್ನದು ಕೇಳಿಸುವುದಿಲ್ಲವೆಂದು ಮೆಕಾರ್ಟ್ನಿಗೆ ಅಸಮಾಧಾನ. 1966ರಲ್ಲಿ ಜೆಫ್ ಎಮರಿಕ್ ಎಂಬ ತರುಣ ತಂತ್ರಜ್ಞ ಒಂದು ಉಪಾಯ ಹೂಡಿದ: ಬೇಸಿನ ಧ್ವನಿವರ್ಧಕದ ಎದುರಿಗೆ ಇನ್ನೊಂದು ಧ್ವನಿವರ್ಧಕವನ್ನು ನಿಲ್ಲಿಸಿ, ಅದನ್ನೇ ಮೈಕಿನಂತೆ ಬಳಸಿದ. ಅಗಲವಾದ ಪೊರೆ ಕೆಳಸ್ಥಾಯಿಯ ಅಲೆಗಳನ್ನು ಚೆನ್ನಾಗಿ ಹಿಡಿಯಿತು. ಅಷ್ಟರಲ್ಲಿ ಅವನ ಕೈಗೆ ಗಟ್ಟಿ ಮರದ ರಿಕೆನ್‌ಬ್ಯಾಕರ್ ಎಂಬ ಅಮೆರಿಕನ್ ವಾದ್ಯವೂ ಬಂದಿತ್ತು. 1967ರ ‘ಸಾರ್ಜೆಂಟ್ ಪೆಪ್ಪರ್’ ಮುದ್ರಣದ ವೇಳೆಗೆ, ಉಳಿದವರೆಲ್ಲ ತಮ್ಮ ಪಾಲು ಮುಗಿಸಿ ಮನೆಗೆ ಹೋದ ಮೇಲೆ, ಮೆಕಾರ್ಟ್ನಿ ರಾತ್ರಿಯೆಲ್ಲ ಕುಳಿತು ಬೇಸನ್ನು ಕಡೆಯದಾಗಿ ಸೇರಿಸುವ ಪದ್ಧತಿ ಬಂದಿತು. ಮೊದಲು ತಳಪಾಯ, ಆಮೇಲೆ ಮನೆ ಎನ್ನುವುದು ಲೋಕರೂಢಿ. ಈತ ಮನೆಯನ್ನು ಪೂರ್ತಿ ನೋಡಿಕೊಂಡು ಅದಕ್ಕೆ ತಕ್ಕ ತಳಪಾಯವನ್ನು ಹಾಕಿದ. ಬೀಟಲ್ಸ್ ತಂಡದ ಕೇಶರಾಶಿಯನ್ನೂ ಅವರ ಹಿಂದೆ ಓಡಿದ ಹುಡುಗಿಯರ ಕೂಗನ್ನೂ ಕುರಿತು ಪುಟಗಟ್ಟಲೆ ಬರೆದಿದ್ದಾರೆ. ಈ ರಾತ್ರಿಗಳ ಕೆಲಸವೇ ನನಗೆ ಹೆಚ್ಚಿನದಾಗಿ ತೋರುತ್ತದೆ.

ನಮ್ಮ ಊರಿನ ಕಡೆಗೆ ಬರೋಣ. ಬೆಂಗಳೂರಿನಲ್ಲಿ ರಾಕ್ ಸಂಗೀತ ಇಂಗ್ಲಿಷಿನಲ್ಲಿಯೇ ಹಾಡಿಕೊಂಡು ದಂಡುಪ್ರದೇಶಕ್ಕೆ ಸೀಮಿತವಾಗಿದ್ದ ಕಾಲ ಹೋಯಿತು. 2008ರಲ್ಲಿ ರಘು ದೀಕ್ಷಿತರ ತಂಡ ಹೊರತಂದ ಮೊದಲ ಧ್ವನಿಸುರುಳಿಯಲ್ಲಿ ಶಿಶುನಾಳ ಶರೀಫರ ತತ್ವಪದಗಳಿದ್ದವು. ಆ ತಂಡದಲ್ಲಿ ಬೇಸ್ ಹಿಡಿದಿದ್ದವರು ಗೌರವ್ ವಾಝ್. ವಾಸು ದೀಕ್ಷಿತರ ‘ಸ್ವರಾತ್ಮ’ ತಂಡದಲ್ಲಿ ಜಿಷ್ಣು ದಾಸ್‌ಗುಪ್ತ. ಈ ಎರಡು ಹೆಸರುಗಳನ್ನು ಕೇಳಿದ ಓದುಗರು ಎಷ್ಟು ಮಂದಿಯೋ ಕಾಣೆ. ಹಾಡುಗಳನ್ನು ಕೇಳದವರು ಮಾತ್ರ ಕಡಮೆ. ಶರೀಫರ ಪದಕ್ಕೆ ಏಕತಾರಿಯ ಒಂದು ತಂತಿ ಸಾಕಾಗಿದ್ದ ನಾಡಿನಲ್ಲಿ ನಾಲ್ಕು ತಂತಿಗಳ ಈ ವಾದ್ಯ ತೀರ ಪರಕೀಯವೆಂದು ನನಗೇನೂ ಅನ್ನಿಸುವುದಿಲ್ಲ. ಹುಡುಗನ ತಂದೆಗೂ ನಾನು ಹೇಳಿದುದು ಇಷ್ಟೇ: ಆರು ತಂತಿಯ ಗಿಟಾರು ಹಿಡಿದ ಹುಡುಗರು ಪ್ರತಿ ಬೀದಿಯಲ್ಲಿಯೂ ಇದ್ದಾರೆ, ನಿಮ್ಮವನಿಗಾಗಿ ಅವರೆಲ್ಲ ಹುಡುಕಿಕೊಂಡು ಬಂದಾರು.

ಇನ್ನು ಆ ವಾದ್ಯಗಳ ಕಥೆ. ಮೆಕಾರ್ಟ್ನಿ ಹ್ಯಾಂಬರ್ಗಿನಲ್ಲಿ ಕೊಂಡ ಪಿಟೀಲಿನಾಕಾರದ ಬೇಸ್ 1972ರ ಅಕ್ಟೋಬರಿನಲ್ಲಿ ಲಂಡನ್ನಿನ ನಾಟಿಂಗ್ ಹಿಲ್ ಎಂಬಲ್ಲಿ ನಿಲ್ಲಿಸಿದ್ದ ವ್ಯಾನಿನಿಂದ ಕಳುವಾಯಿತು. ಐವತ್ತು ವರ್ಷ ಅದರ ಸುಳಿವಿಲ್ಲ. ಅಭಿಮಾನಿಗಳು ಪಟ್ಟುಹಿಡಿದು ಹುಡುಕಿದರು; ಸಾರ್ವಜನಿಕರಿಗೆ ಮನವಿ ಮಾಡಿಕೊಂಡರು. ಕಡೆಗೆ ಸಸೆಕ್ಸ್ ಪ್ರಾಂತದ ಒಂದು ಮನೆಯ ಅಟ್ಟದಲ್ಲಿ ಅದು ಸಿಕ್ಕಿತು. ವಾದ್ಯ ಮರಳಿ ಬಂದಿತೆಂಬ ಸುದ್ದಿ 2024ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, 82ರ ವಯಸ್ಸಿನಲ್ಲಿ, ಮೆಕಾರ್ಟ್ನಿ ಅದನ್ನು ಲಂಡನ್ನಿನ ಸಭೆಯಲ್ಲಿ ನುಡಿಸಿದ.

ಜೇಮರ್‌ಸನ್ನನ ಹೆಸರನ್ನು ಮೋಟೌನ್ ಸಂಸ್ಥೆ ತಟ್ಟೆಯ ಹೊದಿಕೆಯ ಮೇಲೆ ಮೊತ್ತಮೊದಲು ಅಚ್ಚು ಹಾಕಿದುದು 1971ರಲ್ಲಿ, ಮಾರ್ವಿನ್ ಗೇ ಎಂಬ ಗಾಯಕನ ಧ್ವನಿಮುದ್ರಿಕೆಗೆ. ಮರುವರ್ಷವೇ ಸಂಸ್ಥೆ ಡೆಟ್ರಾಯಿಟ್ ಬಿಟ್ಟು ಲಾಸ್ ಏಂಜಲೀಸಿಗೆ ಹೋಯಿತು. ಆತ ಅಲ್ಲಿಗೂ ಹೋದ, ಕೆಲಸ ಕ್ಷೀಣಿಸಿತು, ಕುಡಿತ ಹೆಚ್ಚಿತು. 1983ರ ಆಗಸ್ಟಿನಲ್ಲಿ 47ರ ವಯಸ್ಸಿಗೆ ತೀರಿಕೊಂಡ. ಸಾಯುವುದಕ್ಕೆ ಕೆಲವೇ ದಿನಗಳ ಮುಂಚೆ ಅವನ ಮನೆಯಿಂದ ಆ ಫೆಂಡರ್ ಬೇಸ್ ಕಳವಾಗಿತ್ತು. ಅದು ಈವರೆಗೂ ಸಿಕ್ಕಿಲ್ಲ.