ನಾಲಿಗೆಗಿಂತ ಮೊದಲು ಕಣ್ಣು

ವೈನಿನ ವಯಸ್ಸನ್ನು ಬಾಯಿಗೆ ಹಾಕದೆಯೇ ಅಂದಾಜು ಮಾಡಬಹುದೆ? ಫ್ರಾನ್ಸಿನ ಬೋರ್ಡೊ ಪ್ರಾಂತದ ಪೊಯಾಕ್ ಎಂಬಲ್ಲಿ ಶಾತೊ ಲಫೀಟ್ ಎಂಬ ದ್ರಾಕ್ಷಿ ಎಸ್ಟೇಟ್ ಇದೆ. ಅದರ ಕೆಂಪು ವೈನಿಗೆ 1855ರಲ್ಲೇ ಮೊದಲ ದರ್ಜೆಯ ಮನ್ನಣೆ ಸಿಕ್ಕಿತ್ತು. ಒಳ್ಳೆಯ ಬೆಳೆಯದಾದರೆ ಅದು ಹತ್ತಾರು ವರ್ಷ ಸೀಸೆಯಲ್ಲೇ ಮಾಗುತ್ತದೆ. ರುಚಿ ಪರೀಕ್ಷಕರು ಮೊದಲು ಗಾಜಿನ ಲೋಟವನ್ನು ಬಿಳಿ ಬಟ್ಟೆಯ ಮೇಲೆ ಓರೆಯಾಗಿ ಹಿಡಿದು ಅಂಚಿನ ಬಣ್ಣ ನೋಡುತ್ತಾರೆ. ನೇರಳೆ ಛಾಯೆಯಿದ್ದರೆ ಎಳೆಯದು, ಇಟ್ಟಿಗೆ ಬಣ್ಣವಿದ್ದರೆ ಹಳೆಯದು.

ಇದರ ಗುಟ್ಟು ರಸಾಯನ ವಿಜ್ಞಾನದಲ್ಲಿದೆ. ದ್ರಾಕ್ಷಿ ಸಿಪ್ಪೆಯ ಆಂಥೋಸಯನಿನ್ ಎಂಬ ವರ್ಣದ್ರವ್ಯ (ನಮ್ಮ ನೇರಳೆ ಹಣ್ಣಿನ ಬಣ್ಣವೂ ಇದೇ ಬಗೆಯದು) ಟ್ಯಾನಿನ್‌ಗಳೊಡನೆ ನಿಧಾನವಾಗಿ ಕೂಡಿಕೊಂಡು ದೊಡ್ಡ ಅಣುಗಳಾಗುತ್ತದೆ. ಅವುಗಳಲ್ಲಿ ಕೆಲವು ಗಸಿಯಾಗಿ ತಳ ಸೇರುತ್ತವೆ. ಬಣ್ಣ ಮಾಸುತ್ತದೆ, ಒಗರೂ ತಗ್ಗುತ್ತದೆ. ಬಣ್ಣದ ನಂತರ ಮೂಸುವುದು, ಬಳಿಕ ಒಂದು ಗುಟುಕು ಬಾಯಲ್ಲಾಡಿಸಿ ಉಗಿಯುವುದು. ಹೌದು, ಉಗಿಯುವುದು! ಪೋಷಕರು ಗಾಬರಿಯಾಗಬೇಕಿಲ್ಲ, ಅಮಲೇರಿದವರ ತೀರ್ಪಿಗೆ ಬೆಲೆಯಿಲ್ಲ.

ಆದರೆ ಕಣ್ಣನ್ನು ಎಷ್ಟು ನಂಬಬಹುದು? ಫ್ರೆಡೆರಿಕ್ ಬ್ರೊಶೆ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಬೋರ್ಡೊ ವಿಶ್ವವಿದ್ಯಾಲಯದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳ ಮುಂದೆ, ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಇಟ್ಟರು. ಅದರ ವಾಸನೆಯನ್ನು ಅವರು ವರ್ಣಿಸಿದ್ದು ಕೆಂಪು ವೈನಿಗೆ ಸಲ್ಲುವ ಪದಗಳಿಂದ! ಮೂಗು ಕೊಡಬೇಕಾದ ಸಾಕ್ಷಿಯನ್ನು ಕಣ್ಣೇ ಕೊಟ್ಟುಬಿಟ್ಟಿತ್ತು. ಪಕ್ಕದವನ ಉತ್ತರ ನೋಡಿಕೊಂಡು ಬ್ಯುರೆಟ್ ಓದುವ ನಮ್ಮ ಹುಡುಗರೇನು ಕಡಿಮೆಯೆ?

ಆದ್ದರಿಂದಲೇ ಕೆಲವು ಪರೀಕ್ಷೆಗಳಲ್ಲಿ ಸೀಸೆಯ ಹೆಸರುಚೀಟಿ ಮುಚ್ಚಿಟ್ಟು, ಬಣ್ಣ ಕಾಣದಂತೆ ಕಪ್ಪು ಗಾಜಿನ ಲೋಟದಲ್ಲಿ ವೈನ್ ಕೊಡುತ್ತಾರೆ.